ಬೇಲೂರು ರಸ್ತೆಗೆ ಸ್ಪೀಡ್ ಕ್ಯಾಮೆರಾ ಕೇಳೋಣ ಅಂತಿದ್ದೇವೆ, ಈ ಕಡೆಯವರು ಅಭಿಪ್ರಾಯ ಹೇಳಿ

ಹಾಲಿನ ಕ್ಯಾನು
ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ–ಬೇಲೂರು ರಸ್ತೆ ಪಕ್ಕದ ಊರು. ಹಗರೆ ದಾಟಿ ಬೇಲೂರು ಕಡೆ ಬರುವಾಗ ಸಿಗುತ್ತದೆ. ಹೆಸರು ಇಲ್ಲಿ ಬೇಡ, ಈ ರಸ್ತೆಯಲ್ಲಿ ಓಡಾಡುವವರಿಗೆ ಓದುತ್ತಾ ಗೊತ್ತಾಗುತ್ತದೆ.

ನಮ್ಮ ಮನೆಗಳೆಲ್ಲ ರಸ್ತೆಯ ಈ ಕಡೆ, ಡೈರಿ ಆ ಕಡೆ. ಬೆಳಿಗ್ಗೆ ಆರೂವರೆಗೆ ಒಂದು ಸಲ, ಸಂಜೆ ಐದೂವರೆಗೆ ಒಂದು ಸಲ ಹಾಲು ಹಾಕುವವರೆಲ್ಲ ಹೆದ್ದಾರಿ ದಾಟಲೇಬೇಕು. ಜಾಸ್ತಿ ಜನ ಹೆಂಗಸರು, ವಯಸ್ಸಾದವರು. ಮಕ್ಕಳು ಸ್ಕೂಲಿಗೆ ಬಸ್ ಹತ್ತುವುದೂ ಅಲ್ಲೇ. ಬೇಲೂರು ಕಡೆಯಿಂದ ಬರುವಾಗ ಒಂದು ತಿರುವು ಮುಗಿದು ನೇರ ರಸ್ತೆ ಸಿಗುತ್ತದೆ ನೋಡಿ, ಆ ನೇರದಲ್ಲೇ ನಮ್ಮೂರು. ರಸ್ತೆ ನೇರ ಸಿಕ್ಕಿತು ಅಂದರೆ ಎಲ್ಲರ ಕಾಲೂ ಆಕ್ಸಿಲರೇಟರ್ ಮೇಲೆ.

ಹೋದ ತಿಂಗಳು ನಮ್ಮ ಚಿಕ್ಕಪ್ಪನಿಗೆ ಅಲ್ಲೇ ಕಾರು ಗುದ್ದಿತು. ಎಡಗೈಯಲ್ಲಿ ಹಾಲಿನ ಕ್ಯಾನು, ಬಲಗೈಯಲ್ಲಿ ಟಾರ್ಚ್. ಕಾರು ಇನ್ನೂ ದೂರ ಇದೆ ಅಂತ ಹೆಜ್ಜೆ ಇಟ್ಟಿದ್ದಾರೆ. ಅರ್ಧ ರಸ್ತೆ ದಾಟುವಷ್ಟರಲ್ಲಿ ಬಂದೇ ಬಿಟ್ಟಿದೆ. ಶಬ್ದ ಕೇಳಿ ನಾನು ಓಡಿ ಹೋದಾಗ ಕ್ಯಾನು ಚರಂಡಿ ಹತ್ತಿರ ಬಿದ್ದಿತ್ತು. ಸ್ಟೀಲ್ ಕ್ಯಾನು, ಹೊಟ್ಟೆ ಒಳಗೆ ಹೋಗಿ ಬಾಯಿ ವಾರೆಯಾಗಿತ್ತು. ಮುಚ್ಚಳ ಇವತ್ತಿಗೂ ಸಿಕ್ಕಿಲ್ಲ. ಹಾಲು ಟಾರಿನ ಮೇಲೆ ಹರಿದು ಅಂಚಿನ ಬಿಳಿ ಪಟ್ಟಿಗೆ ಸೇರಿಕೊಂಡಿತ್ತು, ಎಲ್ಲಿವರೆಗೆ ಬಣ್ಣ, ಎಲ್ಲಿಂದ ಹಾಲು ಅಂತ ಗೊತ್ತಾಗುತ್ತಿರಲಿಲ್ಲ. ಚಿಕ್ಕಪ್ಪ ಬಿದ್ದಲ್ಲಿಂದಲೇ "ಇವತ್ತಿನ ಹಾಲು ಹೋಯ್ತಲ್ಲೋ" ಅಂದರು. ಕಾಲಿನ ಮೂಳೆ ಎರಡು ಕಡೆ ಮುರಿದಿದೆ. ರಾಡ್ ಹಾಕಿದ್ದಾರೆ. ಇನ್ನೂ ಊರುಗೋಲು.

ಕಾರಿನ ಹುಡುಗ ಕೆಟ್ಟವನಲ್ಲ. ಓಡಿ ಹೋಗಲಿಲ್ಲ, ಅವನೇ ಆಸ್ಪತ್ರೆಗೆ ಕರೆದುಕೊಂಡು ಹೋದ. ಆದರೆ ಅವನು ಹೇಳಿದ ಒಂದು ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. "ಅಣ್ಣಾ, ನಾನು ಎಂಬತ್ತರಲ್ಲೇ ಇದ್ದೆ" ಅಂದ. ಎಂಬತ್ತರಲ್ಲೇ.

ಊರಿನ ಹುಡುಗರೆಲ್ಲ ಸೇರಿ ಇಲ್ಲಿಗೊಂದು ಸ್ಪೀಡ್ ಕ್ಯಾಮೆರಾ ಹಾಕಿಸಿ ಅಂತ ಡಿಸಿ ಆಫೀಸಿಗೆ ಅರ್ಜಿ ಕೊಡೋಣ ಅಂತಿದ್ದೇವೆ. ಇದು ಕೆಲಸ ಮಾಡುತ್ತದಾ? ಯಾರಿಗೆ ಬರೆಯಬೇಕು, ಏನಂತ ಬರೆಯಬೇಕು? ಗೊತ್ತಿದ್ದವರು ಹೇಳಿ.

ರೂಟ್ ಬಸ್ ಡ್ರೈವರ್
ಭಾನುವಾರ ರಾತ್ರಿ 10:02

ನಿಮ್ಮ ಚಿಕ್ಕಪ್ಪ ಬೇಗ ಹುಷಾರಾಗಲಿ ತಮ್ಮಾ. ನಾನು ಹಾಸನ–ಬೇಲೂರು–ಚಿಕ್ಕಮಗಳೂರು ರೂಟಿನಲ್ಲಿ ಬಸ್ ಓಡಿಸುತ್ತೇನೆ. ನಿಮ್ಮ ಡೈರಿ ಯಾವುದು ಅಂತ ಗೊತ್ತಾಯಿತು. ಅಲ್ಲಿ ಬೆಳಿಗ್ಗೆ ಹಾರನ್ ಒತ್ತದೆ ನಾನು ಒಂದು ದಿನವೂ ದಾಟಿಲ್ಲ.

ಕ್ಯಾಮೆರಾ ಬೇಡ ಅಂತ ಹೇಳುವುದಿಲ್ಲ. ಆದರೆ ಒಂದು ಕಂಬ ನೆಟ್ಟು ಒಂದು ಕ್ಯಾಮೆರಾ ಇಟ್ಟರೆ ಏನಾಗುತ್ತದೆ ಅಂತ ನಾನು ಹೇಳುತ್ತೇನೆ. ಮೊದಲ ವಾರ ಎಲ್ಲರೂ ಹೆದರುತ್ತಾರೆ. ಎರಡನೇ ವಾರಕ್ಕೆ ಕಂಬ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು. ಕಂಬಕ್ಕೆ ಮುಂಚೆ ಬ್ರೇಕ್, ಕಂಬ ದಾಟಿದ ಮೇಲೆ ಹಳೇ ಸ್ಪೀಡು. ಜೋರಾಗಿ ಬ್ರೇಕ್ ಹಾಕಿದರೆ ಹಿಂದೆ ಇರುವ ಬೈಕಿನವನ ಗತಿ ಏನು? ಕಂಬ ಡೈರಿ ಎದುರಿಗೇ ಇದ್ದರೆ ಸರಿ. ಸರ್ವೆ ಮಾಡುವವರು ಕರೆಂಟ್ ಸಿಗುವ ಕಡೆ, ಜಾಗ ಸಿಗುವ ಕಡೆ ಅಂತ ಅರ್ಧ ಕಿಲೋಮೀಟರ್ ಆಚೆ ನೆಟ್ಟರೆ, ನಿಮ್ಮ ಡೈರಿ ಹತ್ತಿರ ಬರುವಾಗ ಗಾಡಿಗಳು ಕಳೆದ ಸ್ಪೀಡನ್ನು ತುಂಬಿಕೊಳ್ಳುತ್ತಾ ಬರುತ್ತವೆ. ಈಗಿನದಕ್ಕಿಂತ ಕಷ್ಟ.

ಇನ್ನೊಂದು. ಬೆಂಗಳೂರಿನಿಂದ ಬರುವ ಟೂರಿಸ್ಟ್ ಕಾರುಗಳು ಚನ್ನರಾಯಪಟ್ಟಣದಿಂದ ಹಾಸನದವರೆಗೆ ನಾಲ್ಕು ಪಥದಲ್ಲಿ ನೂರರಲ್ಲಿ ಬಂದಿರುತ್ತವೆ. ಹಾಸನ ದಾಟಿ ನಮ್ಮ ಎರಡು ಪಥದ ರಸ್ತೆಗೆ ಇಳಿದರೂ ಕಾಲು ಅದೇ ಲೆಕ್ಕದಲ್ಲಿ ಇರುತ್ತದೆ. ನೂರರಲ್ಲಿ ಅಷ್ಟು ದೂರ ಓಡಿಸಿದವನಿಗೆ ಎಂಬತ್ತು ನಿಧಾನ ಅನಿಸುತ್ತದೆ, ಸುಳ್ಳಲ್ಲ. ಆ ಹುಡುಗ ಹೇಳಿದ್ದು ಅದೇ.

ನಮ್ಮ ಬಸ್ಸುಗಳ ಬಗ್ಗೆಯೂ ಹೇಳಲೇಬೇಕು. ನನ್ನ ಬಸ್ಸಿಗೂ ಮುಂದಿನ ಬಸ್ಸಿಗೂ ನಡುವೆ ಕೆಲವೇ ನಿಮಿಷ. ಯಾರು ಮುಂಚೆ ಸ್ಟಾಪಿಗೆ ಹೋದರೋ ಜನ ಅವರಿಗೆ. ಕಲೆಕ್ಷನ್ ಕಡಿಮೆಯಾದರೆ ಮಾಲೀಕರು ಕೇಳುತ್ತಾರೆ. ಕ್ಯಾಮೆರಾ ಹಾಕಿ ನನಗೆ ದಂಡ ಹಾಕಿದರೆ ನಾನು ನಿಧಾನ ಮಾಡುತ್ತೇನೆ. ಟೈಮಿಂಗ್ ಮಾತ್ರ ಹಾಗೇ ಇರುತ್ತದೆ. ಅರ್ಜಿಯಲ್ಲಿ ಟೈಮಿಂಗ್ ಸರಿ ಮಾಡಿ ಅಂತಲೂ ಒಂದು ಸಾಲು ಬರೆಯಿರಿ.

ಬೆಂಗಳೂರಲ್ಲಿರೋ ಬೇಲೂರಿನವ
ಭಾನುವಾರ ರಾತ್ರಿ 11:25

ಡ್ರೈವರ್ ಅಣ್ಣ ಹೇಳಿದ್ದಕ್ಕೆ ಪರಿಹಾರ ಇದೆ. ಅದಕ್ಕೆ ಮುಂಚೆ ಕ್ಯಾಮೆರಾ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳುತ್ತೇನೆ.

ಲಾರಿ ಹಾರನ್ ಹೊಡೆಯುತ್ತಾ ಹತ್ತಿರ ಬರುವಾಗ ಸದ್ದು ಚೂಪಾಗಿರುತ್ತದೆ, ನಮ್ಮನ್ನು ದಾಟಿದ ತಕ್ಷಣ ದಪ್ಪ ಆಗುತ್ತದೆ, ಗಮನಿಸಿದ್ದೀರಾ? ರೇಡಾರ್ ಕ್ಯಾಮೆರಾ ನಂಬಿಕೊಂಡಿರುವುದು ಇದೇ ವಿಷಯವನ್ನು. ಅದು ರೇಡಿಯೋ ಅಲೆ ಬಿಡುತ್ತದೆ, ಗಾಡಿಗೆ ಬಡಿದು ವಾಪಸ್ ಬಂದ ಅಲೆ ಎಷ್ಟು ಬದಲಾಗಿದೆ ಅಂತ ನೋಡಿ ವೇಗ ಲೆಕ್ಕ ಹಾಕುತ್ತದೆ. ಮಿತಿ ದಾಟಿದ್ದರೆ ಫೋಟೊ ತೆಗೆಯುತ್ತದೆ, ನಂಬರ್ ಪ್ಲೇಟನ್ನು ಸಾಫ್ಟ್‌ವೇರ್ ಓದುತ್ತದೆ. ಪೊಲೀಸರು ಕೈಯಲ್ಲಿ ಹಿಡಿಯುವ ಲೇಸರ್ ಗನ್ ಬೇರೆ. ಅದು ಬೆಳಕಿನ ಮಿಡಿತ ಬಿಟ್ಟು ದೂರ ಎಷ್ಟೆಷ್ಟು ಕಡಿಮೆಯಾಗುತ್ತಿದೆ ಅಂತ ಅಳೆಯುತ್ತದೆ.

ಈ ಎರಡೂ ಒಂದು ಜಾಗದ ವೇಗ ಮಾತ್ರ ಹಿಡಿಯುತ್ತವೆ. ಮೂರನೆಯದು ಸರಾಸರಿ ವೇಗದ ಕ್ಯಾಮೆರಾ. ರಸ್ತೆಯ ಎರಡು ಕಡೆ ಕ್ಯಾಮೆರಾ ಇರುತ್ತದೆ, ನಡುವೆ ಹತ್ತು ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಮೊದಲನೆಯದು ನಿಮ್ಮ ನಂಬರ್ ಮತ್ತು ಸಮಯ ಬರೆದುಕೊಳ್ಳುತ್ತದೆ, ಎರಡನೆಯದೂ ಬರೆದುಕೊಳ್ಳುತ್ತದೆ. 60ರಲ್ಲಿ ಬಂದರೆ ಹತ್ತು ನಿಮಿಷ ಆಗಬೇಕು. ಏಳೂವರೆ ನಿಮಿಷದಲ್ಲೇ ಬಂದರೆ ಸರಾಸರಿ 80. ಕಂಬದ ಹತ್ತಿರ ಬ್ರೇಕ್ ಹಾಕಿ ಏನೂ ಪ್ರಯೋಜನ ಇಲ್ಲ. ಇಟಲಿಯ ಹೆದ್ದಾರಿಗಳಲ್ಲಿ ಇದು 2005ರಿಂದ ಇದೆ. ಹಗರೆಯಿಂದ ಬೇಲೂರಿಗೆ ಇಂಥದ್ದು ಬಂದರೆ ನಡುವಿನ ಎಲ್ಲ ಊರಿಗೂ ಅನುಕೂಲ.

ಈಗ ಆ "ಎಂಬತ್ತರಲ್ಲೇ" ವಿಷಯ. ಸುಮ್ನೆ ಒಂದು ಲೆಕ್ಕ ಹಾಕಿ ನೋಡೋಣ. ಎದುರಿಗೆ ಜನ ಕಂಡು ಬ್ರೇಕ್ ಮೇಲೆ ಕಾಲಿಡಲು ಒಂದು ಸೆಕೆಂಡ್ ಬೇಕು. 60ರಲ್ಲಿ ಆ ಒಂದು ಸೆಕೆಂಡಿಗೆ ಗಾಡಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಒಣ ರಸ್ತೆ, ಒಳ್ಳೆ ಟೈರ್ ಇದ್ದರೆ ಬ್ರೇಕ್ ಹಿಡಿದು ನಿಲ್ಲಲು ಇನ್ನು 20 ಮೀಟರ್. ಒಟ್ಟು 37. ಅದೇ 80ರಲ್ಲಿ 22 ಪ್ಲಸ್ 36, ಒಟ್ಟು 58 ಮೀಟರ್. 60ರಲ್ಲಿ ಬಂದ ಕಾರು ಪೂರ್ತಿ ನಿಂತಿರುವ ಜಾಗದಲ್ಲಿ 80ರಲ್ಲಿ ಬಂದ ಕಾರು ಇನ್ನೂ ಹತ್ತಿರ ಹತ್ತಿರ 60 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ನಾನು ಈ ಲೆಕ್ಕವನ್ನು ಮೂರು ಸಲ ಹಾಕಿ ನೋಡಿದೆ, ಮೊದಲು ನಂಬಿಕೆ ಬರಲಿಲ್ಲ.

ಕ್ಯಾಮೆರಾದಿಂದ ಸಾವು ಕಡಿಮೆಯಾಗುತ್ತದಾ ಅಂದರೆ, ಆಗುತ್ತದೆ. ಬೇರೆ ಬೇರೆ ದೇಶಗಳ 35 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ಪರಿಶೀಲನೆ 2010ರಲ್ಲಿ ಬಂತು. ಕ್ಯಾಮೆರಾ ಇರುವ ಜಾಗಗಳ ಸುತ್ತ ಸಾವು, ಗಂಭೀರ ಗಾಯದ ಅಪಘಾತಗಳು ನೂರಕ್ಕೆ 11ರಿಂದ 44ರಷ್ಟು ಇಳಿದಿದ್ದವು. ನಮ್ಮಲ್ಲೇ ಬೆಂಗಳೂರು–ಮೈಸೂರು ಹೆದ್ದಾರಿ ನೋಡಿ. 2023ರಲ್ಲಿ ಅಲ್ಲಿ 188 ಜನ ಸತ್ತರು, 2024ರಲ್ಲಿ 50. ಅಷ್ಟೂ ಕ್ಯಾಮೆರಾದಿಂದಲೇ ಅಂತ ನಾನು ಹೇಳಲಾರೆ. 2023ರ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು, ಪೊಲೀಸರೂ ಬೆನ್ನು ಹತ್ತಿದರು. ಆದರೆ ಕ್ಯಾಮೆರಾ ಬಂದ ಮೇಲೆ ಆ ರಸ್ತೆಯಲ್ಲಿ ನಾನೇ ನೂರು ದಾಟಿಸುವುದನ್ನು ಬಿಟ್ಟೆ. ಅದಂತೂ ನಿಜ.

ಹ್ಯಾಂಡ್‌ಪೋಸ್ಟ್ ಅಕ್ಕ
ಸೋಮವಾರ ಬೆಳಿಗ್ಗೆ 6:40

ನಮ್ಮದು ಮೂಡಿಗೆರೆ ಕಡೆ. ಹ್ಯಾಂಡ್‌ಪೋಸ್ಟಿನಿಂದ ದಿನಾ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ನಮ್ಮ ಕಡೆಯ ಕಥೆಯೂ ಸೇರಿಸಿಕೊಳ್ಳಿ.

ಇಲ್ಲಿ ಚಳಿಗಾಲದಲ್ಲಿ ಏಳೂವರೆವರೆಗೂ ಮಂಜು. ಎದುರಿನ ಗಾಡಿಯ ಲೈಟು ಹಳದಿ ಬೊಟ್ಟಿನ ಹಾಗೆ ಕಾಣುತ್ತದೆ, ಅದು ಬೈಕಾ, ಒಂದು ಲೈಟ್ ಹೋದ ಪಿಕಪ್ಪಾ ಅಂತ ಹತ್ತಿರ ಬರುವವರೆಗೂ ಗೊತ್ತಾಗುವುದಿಲ್ಲ. ಕಾಫಿ ಕೊಯ್ಲಿನ ಸಮಯ ಬೇರೆ. ತೋಟಕ್ಕೆ ಆಳುಗಳನ್ನು ತುಂಬಿಕೊಂಡು ಹೋಗುವ ಪಿಕಪ್ಪುಗಳು ಬೆಳಿಗ್ಗೆ ಅದೇ ಹೊತ್ತಿಗೆ ಓಡುತ್ತವೆ. ಹಿಂದೆ ನಿಂತ ಹೆಂಗಸರು ಕಂಬಿ ಹಿಡಿದುಕೊಂಡು, ಸೆರಗು ತಲೆಗೆ ಸುತ್ತಿಕೊಂಡು, ಒಬ್ಬರ ಭುಜಕ್ಕೆ ಒಬ್ಬರು ಒರಗಿರುತ್ತಾರೆ. ಆ ಗಾಡಿ 70ರಲ್ಲಿ ನನ್ನ ಪಕ್ಕ ದಾಟಿ ಹೋದರೆ ನನಗೆ ಭಯ ಆಗುವುದು ನನ್ನ ಬಗ್ಗೆ ಅಲ್ಲ.

ಕ್ಯಾಮೆರಾ ನಮ್ಮಲ್ಲಿ ಮಂಜಿಗೆ ಕೆಲಸ ಮಾಡುತ್ತದಾ ಅಂತ ನನಗೆ ಅನುಮಾನ. ರೇಡಾರ್ ವೇಗ ಹಿಡಿಯಬಹುದು, ಆದರೆ ದಟ್ಟ ಮಂಜಿನಲ್ಲಿ ನಂಬರ್ ಪ್ಲೇಟಿನ ಫೋಟೊ ಬರಬೇಕಲ್ವಾ? ಚಾರ್ಮಾಡಿಯಂಥ ತಿರುವು ರಸ್ತೆಗೆ ಕ್ಯಾಮೆರಾಗಿಂತ ತಡೆಗೋಡೆ, ರಿಫ್ಲೆಕ್ಟರ್, ಅಂಚಿನ ಬಿಳಿ ಗೆರೆ ಮುಖ್ಯ. ಕ್ಯಾಮೆರಾ ಬೇಕಿರುವುದು ನೇರ ಇರುವ ಕಡೆ, ಊರು ಇರುವ ಕಡೆ. ಕಡೂರಿನಿಂದ ಸಖರಾಯಪಟ್ಟಣ ದಾಟಿ ಚಿಕ್ಕಮಗಳೂರಿಗೆ ಬರುವ ರಸ್ತೆ ನೋಡಿ, ಬಯಲು, ಉದ್ದಕ್ಕೆ ನೇರ. ಅಲ್ಲಿ ಓಡಿಸುವವರಿಗೆ ಊರು ಬಂದಿದ್ದೇ ಗೊತ್ತಾಗುವುದಿಲ್ಲ.

ಒಂದು ವಿಷಯ ಎಲ್ಲೋ ಓದಿದ್ದು ನೆನಪಾಯಿತು. ಸ್ಪೀಡ್ ಕ್ಯಾಮೆರಾ ಕಂಪನಿ ಶುರು ಮಾಡಿದ ಹಾಲೆಂಡಿನ ಮೌರಿಸ್ ಗಾಟ್ಸೊನಿಡೆಸ್ ಪೊಲೀಸ್ ಅಲ್ಲ, ರ‍್ಯಾಲಿ ಡ್ರೈವರ್. 1953ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದವನು. ತಿರುವಿನಲ್ಲಿ ತನ್ನ ವೇಗ ಎಷ್ಟಿರುತ್ತದೆ, ಇನ್ನೂ ಹೇಗೆ ಹೆಚ್ಚಿಸಬಹುದು ಅಂತ ಅಳೆಯಲು ಯಂತ್ರ ಮಾಡಿಕೊಂಡ. ನಮ್ಮ ಜಿಲ್ಲೆಯ ತೋಟದ ರಸ್ತೆಗಳಲ್ಲೂ ರ‍್ಯಾಲಿ ನಡೆಯುತ್ತದೆ. ಅಲ್ಲಿ ರಸ್ತೆ ಮುಚ್ಚಿ, ಹೆಲ್ಮೆಟ್ ಹಾಕಿ, ಆಂಬುಲೆನ್ಸ್ ನಿಲ್ಲಿಸಿ ಓಡಿಸುತ್ತಾರೆ. ಅದನ್ನು ನೋಡಿದ ಹುಡುಗರು ಮಾರನೇ ದಿನ ಸಂತೆ ರಸ್ತೆಯಲ್ಲಿ ಹಾಗೇ ಓಡಿಸುತ್ತಾರೆ. ಮನೆಯವರು ಹೇಳಬೇಕು. ನನ್ನ ಮಗನಿಗೆ ನಾನು ಹೇಳುತ್ತಲೇ ಇದ್ದೇನೆ.

ಗಾರೆ ಕೆಲಸ
ಸೋಮವಾರ ಮಧ್ಯಾಹ್ನ 1:15

ಊಟದ ಬಿಡುವಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ದಂಡ ಸಾವಿರ ರೂಪಾಯಿ ಅಂದರೆ ನಮಗೆ ಒಂದು ದಿನದ ದುಡಿಮೆ ಪೂರ್ತಿ ಹೋಯಿತು. ಕಾರಿನವರಿಗೆ ಅದು ಒಂದು ಹೋಟೆಲ್ ಬಿಲ್ಲು. ನನ್ನ ಬೈಕ್ ನನ್ನ ಭಾವನ ಹೆಸರಿನಲ್ಲಿದೆ, ಆರ್‌ಸಿಯಲ್ಲಿ ಇರುವ ಮೊಬೈಲ್ ನಂಬರ್ ಈಗ ಯಾರ ಹತ್ತಿರ ಇದೆಯೋ. ದಂಡ ಬಿದ್ದಿದ್ದು ಗೊತ್ತಾಗುವ ಹೊತ್ತಿಗೆ ನಾಲ್ಕು ದಂಡ ಆಗಿರುತ್ತದೆ. ಇದನ್ನೂ ಯೋಚನೆ ಮಾಡಿ. ಕ್ಯಾಮೆರಾ ಬೇಡ ಅನ್ನುವುದಿಲ್ಲ, ನನ್ನ ಹೆಂಡತಿಯೂ ದಿನಾ ರಸ್ತೆ ದಾಟುತ್ತಾಳೆ.

ಆರ್‌ಟಿಒದಲ್ಲಿದ್ದೆ
ಸೋಮವಾರ ಸಂಜೆ 7:30

ನಿವೃತ್ತನಾಗಿ ಕೆಲವು ವರ್ಷ ಆಯಿತು. ಕಾನೂನು ಏನು ಹೇಳುತ್ತದೆ ಅಂತ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಕೇಂದ್ರ ಸರ್ಕಾರದ 2018ರ ಅಧಿಸೂಚನೆ ಪ್ರಕಾರ ನಿಮ್ಮಂಥ ಎರಡು ಪಥದ ರಸ್ತೆಯಲ್ಲಿ ಕಾರಿಗೆ ಗರಿಷ್ಠ 70. ಬೈಕು, ಬಸ್ಸು, ಲಾರಿಗೆ 60. ಇದು ಮೇಲಿನ ಮಿತಿ ಮಾತ್ರ, ರಾಜ್ಯ ಸರ್ಕಾರ ಇದಕ್ಕಿಂತ ಕಡಿಮೆ ಮಾಡಬಹುದು. ಆದ್ದರಿಂದ ಅರ್ಜಿಯಲ್ಲಿ ಕ್ಯಾಮೆರಾ ಕೇಳುವ ಮೊದಲು ಊರಿನ ಹತ್ತಿರ ವೇಗದ ಮಿತಿ ಇಳಿಸಿ, ಬೋರ್ಡ್ ಹಾಕಿ ಅಂತ ಕೇಳಿ. ಮಿತಿ 70 ಇದ್ದರೆ 70ರಲ್ಲಿ ಬರುವ ಕಾರನ್ನು ಯಾವ ಕ್ಯಾಮೆರಾವೂ ಹಿಡಿಯುವುದಿಲ್ಲ. ಡೈರಿ ಮುಂದೆ 70 ಸುರಕ್ಷಿತವಾ, ನೀವೇ ಹೇಳಿ.

ಹಂಪ್ ಹಾಕಿಸಿ ಅಂತ ಯಾರಾದರೂ ಕೇಳುತ್ತಾರೆ. ಅದು ರಾಷ್ಟ್ರೀಯ ಹೆದ್ದಾರಿ 373. ಹೆದ್ದಾರಿಯಲ್ಲಿ ಹಂಪ್ ತೆಗೆಯಿರಿ ಅಂತ 2016ರಲ್ಲೇ ಕೇಂದ್ರದ ಸೂಚನೆ ಬಂದಿದೆ. ಸಣ್ಣ ಸಣ್ಣ ಉಬ್ಬಿನ ಪಟ್ಟಿಗಳನ್ನು ಕೇಳಬಹುದು.

ಕ್ಯಾಮೆರಾಗೆ ಆಧಾರ ಮೋಟಾರು ವಾಹನ ಕಾಯ್ದೆಯ 136ಎ ಸೆಕ್ಷನ್, 2019ರ ತಿದ್ದುಪಡಿಯಲ್ಲಿ ಬಂದಿದ್ದು. ಅದರ ನಿಯಮ 167ಎ 2021ರ ಆಗಸ್ಟಿನಲ್ಲಿ ಬಂತು. ಗಾರೆ ಕೆಲಸದ ತಮ್ಮ ಇದನ್ನು ಗಮನಿಸಲಿ. ಕ್ಯಾಮೆರಾ ಇದೆ ಅಂತ ಮುಂಚೆಯೇ ಬೋರ್ಡ್ ಇರಬೇಕು. ಯಂತ್ರಕ್ಕೆ ಪ್ರಮಾಣಪತ್ರ ಇರಬೇಕು, ಅದನ್ನು ಪ್ರತಿ ವರ್ಷ ನವೀಕರಿಸಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಬರಬೇಕು. ಅದರಲ್ಲಿ ನಂಬರ್ ಪ್ಲೇಟ್ ಕಾಣುವ ಫೋಟೊ, ಅಳೆದ ವೇಗ, ದಿನಾಂಕ, ಸಮಯ, ಜಾಗ ಎಲ್ಲ ಇರಬೇಕು. ಫೋಟೊ ನಿಮ್ಮದಲ್ಲ ಅಂದರೆ ಪ್ರಶ್ನೆ ಮಾಡಬಹುದು. ಕಾಯ್ದೆಯ 183ನೇ ಸೆಕ್ಷನ್ನಿನಲ್ಲಿ ಲಘು ವಾಹನಕ್ಕೆ ಸಾವಿರದಿಂದ ಎರಡು ಸಾವಿರ, ಭಾರಿ ವಾಹನಕ್ಕೆ ಎರಡರಿಂದ ನಾಲ್ಕು ಸಾವಿರ ದಂಡ. ಆರ್‌ಸಿಗೆ ಈಗಿನ ಮೊಬೈಲ್ ನಂಬರ್ ಸೇರಿಸಿಕೊಳ್ಳಿ, ಮೊಬೈಲಿನಲ್ಲೇ ಆಗುತ್ತದೆ.

ನನಗೆ ಬೇಜಾರಿನ ವಿಷಯ ಇನ್ನೊಂದಿದೆ. ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಅಂತ 2023ರಲ್ಲಿ ಕೊಟ್ಟರು, 2025ರಲ್ಲಿ ಮತ್ತೆ ಕೊಟ್ಟರು. ಜನ ಸಾಲಿನಲ್ಲಿ ನಿಂತು ಕಟ್ಟಿದರು, ನಿಜ. ಆದರೆ ಇನ್ನೊಂದು ರಿಯಾಯಿತಿ ಬರುವವರೆಗೆ ಕಾಯೋಣ ಅಂತ ಕೂರುವವರೂ ಆದರು. ದಂಡ ಚಿಕ್ಕದಾದರೂ ಪರವಾಗಿಲ್ಲ, ಬೇಗ ಮತ್ತು ತಪ್ಪದೆ ಬರಬೇಕು. ಆಗಲೇ ಕಾಲು ಬ್ರೇಕಿನ ಕಡೆ ಹೋಗುವುದು.

ಈಗ ನಿಮಗೆ ಒಂದು ಪ್ರಶ್ನೆ, ಕ್ಯಾನಿನ ತಮ್ಮಾ. ಇದೇ ಎಲ್ಲಕ್ಕಿಂತ ಮುಖ್ಯ. ನಿಮ್ಮ ಚಿಕ್ಕಪ್ಪನ ಅಪಘಾತಕ್ಕೆ ಕೇಸ್ ಆಗಿದೆಯಾ?

ಹಾಲಿನ ಕ್ಯಾನು
ಸೋಮವಾರ ರಾತ್ರಿ 8:45

ಇಲ್ಲ ಸರ್. ಊರಿನ ಹಿರಿಯರು ಕೂತು ರಾಜಿ ಮಾಡಿಸಿದರು. ಹುಡುಗ ಆಪರೇಷನ್ ಖರ್ಚು ಕೊಟ್ಟ, ಮೇಲೆ ಸ್ವಲ್ಪ ದುಡ್ಡು ಕೊಟ್ಟ. ಅವನಿಗೆ ಹೊಸ ಕೆಲಸ, ಕೇಸ್ ಆದರೆ ತೊಂದರೆ ಅಂತ ಅವನ ಅಪ್ಪ ಬಂದು ಕೈಮುಗಿದರು. ಚಿಕ್ಕಪ್ಪನೇ "ಬಿಡ್ರಪ್ಪ" ಅಂದರು.

ಇದು ಮೊದಲನೆಯದೂ ಅಲ್ಲ. ಅದೇ ಜಾಗದಲ್ಲಿ ಹಿಂದೆ ಒಬ್ಬ ಅಜ್ಜಿಗೆ ಬೈಕ್ ಗುದ್ದಿ ಸೊಂಟ ಹೋಯಿತು. ಒಂದು ಹುಡುಗನ ಕೈ ಮುರಿಯಿತು. ಎಲ್ಲವೂ ರಾಜಿಯೇ. ಯಾಕೆ ಕೇಳಿದಿರಿ?

ಆರ್‌ಟಿಒದಲ್ಲಿದ್ದೆ
ಸೋಮವಾರ ರಾತ್ರಿ 9:20

ಕೇಳಿದ್ದು ಯಾಕೆ ಅಂದರೆ, ನಿಮ್ಮ ಡೈರಿ ಜಾಗ ಸರ್ಕಾರದ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಹೆದ್ದಾರಿಯಲ್ಲಿ ಬ್ಲ್ಯಾಕ್ ಸ್ಪಾಟ್ ಅಂತ ಗುರುತಿಸಲು ಒಂದು ಅಳತೆ ಇದೆ. ಸುಮಾರು 500 ಮೀಟರ್ ಉದ್ದದಲ್ಲಿ, ಹಿಂದಿನ ಮೂರು ವರ್ಷದಲ್ಲಿ, ಸಾವು ಅಥವಾ ಗಂಭೀರ ಗಾಯ ಆದ ಐದು ಅಪಘಾತ ನಡೆದಿರಬೇಕು. ಇಲ್ಲವೇ ಹತ್ತು ಸಾವಾಗಿರಬೇಕು. ಈ ಲೆಕ್ಕ ಬರುವುದು ಪೊಲೀಸ್ ದಾಖಲೆಯಿಂದ. ಈಗ ಅಪಘಾತ ನಡೆದ ಜಾಗವನ್ನು ಪೊಲೀಸರು ಮೊಬೈಲ್ ಆ್ಯಪಿನಲ್ಲೇ ಗುರುತು ಮಾಡುತ್ತಾರೆ. ಆ ವ್ಯವಸ್ಥೆ ಮೊದಲು ಜಾರಿಗೆ ಬಂದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕೇಸೇ ಇಲ್ಲದಿದ್ದರೆ ಗುರುತು ಎಲ್ಲಿಂದ ಬರಬೇಕು? ನಿಮ್ಮೂರಿನಲ್ಲಿ ಮೂರು ಜನರ ಮೂಳೆ ಮುರಿದಿದೆ. ನಕ್ಷೆಯಲ್ಲಿ ಒಂದು ಚುಕ್ಕೆಯೂ ಇಲ್ಲ. ಕ್ಯಾಮೆರಾ, ಸಿಗ್ನಲ್ ಲೈಟ್, ರಸ್ತೆ ರಿಪೇರಿ ಎಲ್ಲವೂ ಹೋಗುವುದು ಚುಕ್ಕೆ ಇರುವ ಕಡೆಗೆ.

ರಾಜಿ ಮಾಡಿದ್ದು ತಪ್ಪು ಅಂತ ನಿಮ್ಮ ಹಿರಿಯರನ್ನು ದೂರುವುದಿಲ್ಲ. ಕೋರ್ಟು, ಸ್ಟೇಷನ್ ಅಂದರೆ ಓಡಾಟ ಅಂತ ಎಲ್ಲರಿಗೂ ಗೊತ್ತು. ಆದರೆ ಚಿಕ್ಕಪ್ಪನಿಗೂ ಇದರಲ್ಲಿ ನಷ್ಟ ಇದೆ. ಕಾರಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಪರಿಹಾರ ಕೊಡಬೇಕಾದದ್ದು ಇನ್ಶೂರೆನ್ಸ್ ಕಂಪನಿ, ಆ ಹುಡುಗನ ಜೇಬಿನಿಂದ ಅಲ್ಲ. ಅದಕ್ಕೆ ಅರ್ಜಿ ಹಾಕಲು ಅಪಘಾತ ನಡೆದ ದಿನದಿಂದ ಆರು ತಿಂಗಳು ಅವಕಾಶ. ನಿಮ್ಮದು ಹೋದ ತಿಂಗಳದ್ದು. ಆಸ್ಪತ್ರೆಯ ಕಾಗದಗಳನ್ನು ತೆಗೆದುಕೊಂಡು ಸ್ಟೇಷನ್ನಿಗೆ ಹೋಗಿ ತಡವಾಗಿ ಆದರೂ ದೂರು ಕೊಡಬಹುದು. ತಡ ಯಾಕಾಯಿತು ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ. ಹುಡುಗನ ಮೇಲೆ ಕೇಸ್ ಆಗುತ್ತದೆ, ಅದನ್ನು ಮುಚ್ಚಿಟ್ಟು ಹೇಳುವುದಿಲ್ಲ. ಮನೆಯಲ್ಲಿ ಕೂತು ಮಾತಾಡಿ ತೀರ್ಮಾನ ಮಾಡಿ.

ಹೈಸ್ಕೂಲ್ ಮೇಷ್ಟ್ರು
ಮಂಗಳವಾರ ರಾತ್ರಿ 8:00

ಸರ್ ಹೇಳಿದ್ದು ಓದಿ ನಿನ್ನೆ ನಿದ್ದೆ ಬರಲಿಲ್ಲ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ 1,68,491 ಜನ ಸತ್ತರು, ಅದರಲ್ಲಿ ನೂರಕ್ಕೆ 71 ಅತಿವೇಗದಿಂದ ಅಂತ ನಾನು ಮಕ್ಕಳಿಗೆ ಪಾಠ ಮಾಡುತ್ತೇನೆ. ನಮ್ಮ ರಸ್ತೆಯ ಲೆಕ್ಕ ಮಾತ್ರ ನನ್ನ ಹತ್ತಿರ ಇರಲಿಲ್ಲ.

ಅದಕ್ಕೇ ಇವತ್ತು ಸಂಜೆ ಹತ್ತನೇ ಕ್ಲಾಸಿನ ನಾಲ್ಕು ಮಕ್ಕಳನ್ನು ಕರೆದುಕೊಂಡು ಡೈರಿ ಹತ್ತಿರ ಹೋದೆ. ಅವರ ಮನೆಯವರಿಗೆ ಹೇಳಿಯೇ ಹೋಗಿದ್ದು. ರಸ್ತೆಯಿಂದ ದೂರ, ಹುಣಸೆ ಮರದ ಕೆಳಗೆ ಕೂತೆವು. ಟೇಪ್ ಹಿಡಿದು ರಸ್ತೆ ಅಂಚಿನಲ್ಲಿ 100 ಮೀಟರ್ ಅಳೆದು ಎರಡು ಕಡೆ ಸುಣ್ಣದ ಗುರುತು ಹಾಕಿದೆವು. ಗಾಡಿ ಮೊದಲ ಗುರುತು ದಾಟಿದಾಗ ಒಬ್ಬ ಕೈ ಎತ್ತುತ್ತಾನೆ, ಇನ್ನೊಬ್ಬಳು ಮೊಬೈಲಿನ ಸ್ಟಾಪ್‌ವಾಚ್ ಒತ್ತುತ್ತಾಳೆ. ಆರು ಸೆಕೆಂಡ್ ಆದರೆ 60. ನಾಲ್ಕೂವರೆ ಆದರೆ 80. ನಾಲ್ಕು ಆದರೆ 90.

ಪಟ್ಟಿ ಮಾಡುತ್ತಿದ್ದ ಹುಡುಗಿ ಸ್ವಲ್ಪ ಹೊತ್ತಿಗೆ ಬರೆಯುವುದನ್ನು ನಿಲ್ಲಿಸಿದಳು. "ಸಾರ್, ಇದು ತಪ್ಪಿರಬೇಕು, ನಾಲ್ಕಕ್ಕಿಂತ ಕಡಿಮೆ ಬಂತು" ಅಂದಳು. ತಪ್ಪಿರಲಿಲ್ಲ. ಆಮೇಲೂ ಹಾಗೆ ಬಂತು. ಐದೂವರೆಗೆ ಹಾಲು ಹಾಕುವವರು ಬರಲು ಶುರುವಾದರು. ಒಬ್ಬ ಅಜ್ಜಿ ಅಂಚಿನಲ್ಲಿ ನಿಂತು ಕ್ಯಾನನ್ನು ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಿದ್ದರು. ಒಂದು ಹೆಜ್ಜೆ ಮುಂದೆ, ಮತ್ತೆ ಹಿಂದೆ. ಅವರು ದಾಟುವವರೆಗೆ ನಮ್ಮ ಹುಡುಗಿ ಸ್ಟಾಪ್‌ವಾಚ್ ಬಿಟ್ಟು ಅವರನ್ನೇ ನೋಡುತ್ತಿದ್ದಳು. ಆಮೇಲೆ ಪಟ್ಟಿಯ ಅಂಚಿನಲ್ಲಿ ಇನ್ನೊಂದು ಕಾಲಂ ಗೆರೆ ಎಳೆದಳು. ದಾಟುವವರು ಎಷ್ಟು ಹೊತ್ತು ಕಾಯುತ್ತಾರೆ ಅಂತ ಬರೆಯಲು. ನನಗೆ ಅದು ಹೊಳೆದಿರಲಿಲ್ಲ.

ಇದು ಪ್ರಮಾಣಪತ್ರ ಇರುವ ಯಂತ್ರ ಅಲ್ಲ, ಇದರಿಂದ ಯಾರಿಗೂ ದಂಡ ಹಾಕಲು ಆಗುವುದಿಲ್ಲ. ಆದರೆ ಅರ್ಜಿಯ ಜೊತೆ ಇಡಬಹುದು ಅಲ್ವಾ? ಒಂದು ವಾರ ಮಾಡುತ್ತೇವೆ. ಬೆಳಿಗ್ಗೆ, ಸಂಜೆ, ಶನಿವಾರ, ಭಾನುವಾರ. ಮಕ್ಕಳೇ ಕೇಳುತ್ತಿದ್ದಾರೆ.

ಬೆಂಗಳೂರಲ್ಲಿರೋ ಬೇಲೂರಿನವ
ಮಂಗಳವಾರ ರಾತ್ರಿ 8:40

ಖಂಡಿತ ಇಡಿ ಮೇಷ್ಟ್ರೇ. ಪಟ್ಟಿ ಕಳಿಸಿ, ಟೈಪ್ ಮಾಡಿ ಗ್ರಾಫ್ ಹಾಕಿ ಕೊಡುತ್ತೇನೆ. ಸರಾಸರಿ ವೇಗ ನೂರಕ್ಕೆ ಒಂದರಷ್ಟು ಹೆಚ್ಚಿದರೆ ಸಾವಿನ ಅಪಘಾತದ ಸಾಧ್ಯತೆ ನೂರಕ್ಕೆ ನಾಲ್ಕರಷ್ಟು ಹೆಚ್ಚುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನೂ ಗ್ರಾಫಿನ ಕೆಳಗೆ ಹಾಕುತ್ತೇನೆ.

ಹೋದ ಸಲ ಒಂದು ಮಾತು ಬಿಟ್ಟಿದ್ದೆ. ಹಾಸನದಿಂದ ಬೇಲೂರು ಹತ್ತಿರ ಹತ್ತಿರ 40 ಕಿಲೋಮೀಟರ್. ಪೂರ್ತಿ ದಾರಿ 60ರ ಬದಲು 80ರಲ್ಲಿ ಬಂದರೂ ಉಳಿಯುವುದು ಹತ್ತು ನಿಮಿಷ. ಊರಿಗೆ ಬರುವಾಗ ನಾನೂ ಆ ಹತ್ತು ನಿಮಿಷ ಉಳಿಸಿದವನೇ. ಬಂದು ಜಗಲಿ ಮೇಲೆ ಕೂತು ಒಂದು ಗಂಟೆ ಮೊಬೈಲ್ ನೋಡುತ್ತೇನೆ.

ಹ್ಯಾಂಡ್‌ಪೋಸ್ಟ್ ಅಕ್ಕ
ಮಂಗಳವಾರ ರಾತ್ರಿ 9:05

ಮೊಸಳೆಹೊಸಹಳ್ಳಿಯನ್ನು ಯಾರೂ ಮರೆತಿಲ್ಲ ಅಂದುಕೊಳ್ಳುತ್ತೇನೆ. 2025ರ ಸೆಪ್ಟೆಂಬರಿನಲ್ಲಿ ಗಣಪತಿ ಮೆರವಣಿಗೆಗೆ ಲಾರಿ ನುಗ್ಗಿ ಎಷ್ಟು ಮಕ್ಕಳು ಹೋದರು. ಅದೂ ಹಾಸನದ್ದೇ, ಇದೇ 373ನೇ ಹೆದ್ದಾರಿ. ಅಂಥದ್ದು ನಡೆದಾಗ ಮಂತ್ರಿಗಳು ಬರುತ್ತಾರೆ, ಪರಿಹಾರ ಘೋಷಣೆ ಆಗುತ್ತದೆ. ಒಬ್ಬೊಬ್ಬರೇ ಸೊಂಟ ಮುರಿದುಕೊಂಡರೆ ಯಾರೂ ಬರುವುದಿಲ್ಲ. ಮೇಷ್ಟ್ರೇ, ನಮ್ಮ ಕಡೆಯ ಸ್ಕೂಲಿನವರಿಗೂ ನಿಮ್ಮ ಸುಣ್ಣದ ಗುರುತಿನ ವಿಷಯ ಹೇಳುತ್ತೇನೆ.

ಡೈರಿ ಸೆಕ್ರೆಟರಿ
ಬುಧವಾರ ಬೆಳಿಗ್ಗೆ 9:30

ಇಷ್ಟು ದಿನ ಓದುತ್ತಿದ್ದೆ, ಬರೆದಿರಲಿಲ್ಲ. ನಾನು ಅದೇ ಡೈರಿಯವನು. ಚಿಕ್ಕಪ್ಪನ ರಾಜಿಯಲ್ಲಿ ನಾನೂ ಕೂತಿದ್ದೆ. ಒಳ್ಳೆಯದಕ್ಕೆ ಅಂತಲೇ ಕೂತಿದ್ದು. ಆದರೆ ಸರ್ ಹೇಳಿದ ಲೆಕ್ಕದ ವಿಷಯ ನಮಗೆ ಗೊತ್ತೇ ಇರಲಿಲ್ಲ.

ನಿನ್ನೆ ಹಳೇ ಹಾಲಿನ ರಿಜಿಸ್ಟರ್ ತೆಗೆದು ನೋಡಿದೆ. ದಿನಾ ಹಾಲು ಹಾಕುವವರು ಒಂದು ದಿನ ತಪ್ಪಿಸಿದರೆ ನಮ್ಮಲ್ಲಿ ಗೆರೆ ಬೀಳುತ್ತದೆ. ಆ ಅಜ್ಜಿಯ ಹೆಸರಿನ ಮುಂದೆ ಗೆರೆ ಶುರುವಾದ ದಿನ ಇದೆ. ಆಮೇಲೆ ಅವರ ಸೊಸೆ ಹೆಸರು. ಹುಡುಗನ ಮನೆಯದ್ದೂ ಸಿಕ್ಕಿತು. ಅಂದರೆ ದಿನಾಂಕ ನಮ್ಮ ಹತ್ತಿರ ಇದೆ. ಮೂರೂ ಮನೆಯವರ ಆಸ್ಪತ್ರೆ ಚೀಟಿ ಸಿಕ್ಕರೆ ಒಂದು ಪಟ್ಟಿ ಮಾಡಿ ಅರ್ಜಿಗೆ ಸೇರಿಸೋಣ. ನಾನು ಸಹಿ ಹಾಕುತ್ತೇನೆ.

ಇನ್ನೊಂದು ಕೆಲಸ ಯಾರ ಅಪ್ಪಣೆಯೂ ಬೇಡದೆ ನಾವೇ ಮಾಡಬಹುದು. ರಸ್ತೆಯ ಈ ಕಡೆ, ಮನೆಗಳ ಹತ್ತಿರವೇ ಬೆಳಿಗ್ಗೆ ಸಂಜೆ ಒಂದೊಂದು ಗಂಟೆ ಹಾಲು ತೆಗೆದುಕೊಂಡು, ಆಮೇಲೆ ಒಟ್ಟಿಗೆ ದಾಟಿಸುವುದು. ಒಂದು ತೂಕದ ಯಂತ್ರ, ಒಬ್ಬ ಹುಡುಗ ಸಾಕು. ಮುಂದಿನ ಮೀಟಿಂಗಿನಲ್ಲಿ ಇಡುತ್ತೇನೆ. ಕ್ಯಾಮೆರಾ ಬರುವವರೆಗೆ ಅಷ್ಟಾದರೂ ಆಗಲಿ.

ರೂಟ್ ಬಸ್ ಡ್ರೈವರ್
ಬುಧವಾರ ಮಧ್ಯಾಹ್ನ 2:10

ಸೆಕ್ರೆಟರಿಯವರೇ, ಇದು ಮೊದಲೇ ಆಗಬೇಕಿತ್ತು. ನಾನೂ ನಮ್ಮ ರೂಟಿನ ಉಳಿದ ಡ್ರೈವರ್‌ಗಳಿಗೆ ಹೇಳುತ್ತೇನೆ, ಡೈರಿ ಹೊತ್ತಿನಲ್ಲಿ ಅಲ್ಲಿ ನಲವತ್ತಕ್ಕೆ ಇಳಿಸಿ ಅಂತ. ಬಸ್ ನಿಧಾನ ಆದರೆ ಹಿಂದಿನ ಕಾರುಗಳೂ ನಿಧಾನ ಆಗಲೇಬೇಕು.

ಹಾಲಿನ ಕ್ಯಾನು
ಗುರುವಾರ ರಾತ್ರಿ 9:50

ಸರ್ ಬರೆದಿದ್ದನ್ನು ಚಿಕ್ಕಪ್ಪನಿಗೆ ಪೂರ್ತಿ ಓದಿ ಹೇಳಿದೆ. ಸುಮಾರು ಹೊತ್ತು ಮಾತಾಡಲಿಲ್ಲ. ಮಾತು ಕೊಟ್ಟಿದ್ದೇವಲ್ಲ ಅನ್ನುವುದೇ ಅವರಿಗೆ ಸಂಕಟ. ಆಮೇಲೆ "ಆ ಹುಡುಗನಿಗೆ ಮೊದಲು ನೀನೇ ಫೋನ್ ಮಾಡಿ ಹೇಳು. ಅವನಿಗೆ ಹೇಳದೆ ಸ್ಟೇಷನ್ನಿಗೆ ಹೋಗುವುದು ಬೇಡ" ಅಂದರು.

ಇವತ್ತು ಫೋನ್ ಮಾಡಿದೆ. ಮೊದಲು ಹೆದರಿದ. ಇನ್ಶೂರೆನ್ಸ್ ವಿಷಯ, ಚುಕ್ಕೆ ವಿಷಯ ಎಲ್ಲ ನಿಧಾನಕ್ಕೆ ಹೇಳಿದೆ. ಅಪ್ಪನ ಹತ್ತಿರ ಮಾತಾಡುತ್ತೇನೆ ಅಂದ. ಸಂಜೆ ಅವನೇ ವಾಪಸ್ ಮಾಡಿದ. ಬರುತ್ತಾನಂತೆ, ಸ್ಟೇಷನ್ನಿಗೆ ನಮ್ಮ ಜೊತೆಯೇ ಬರುತ್ತಾನಂತೆ. ಅವನ ದುಡ್ಡನ್ನು ಏನು ಮಾಡುವುದು ಅಂತ ವಕೀಲರನ್ನು ಕೇಳಿ ತೀರ್ಮಾನ ಮಾಡುತ್ತೇವೆ.

ಅರ್ಜಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ, ಅಧ್ಯಕ್ಷರು ಡಿಸಿ ಆದ್ದರಿಂದ ಅವರ ಹೆಸರಿಗೇ ಬರೆಯುತ್ತಿದ್ದೇವೆ. ಒಂದು ಪ್ರತಿ ಎಸ್‌ಪಿ ಆಫೀಸಿಗೆ, ಒಂದು ಹೆದ್ದಾರಿ ವಿಭಾಗಕ್ಕೆ. ಮೊದಲು ವೇಗದ ಮಿತಿ ಇಳಿಸಿ ಬೋರ್ಡ್ ಹಾಕುವುದು, ಆಮೇಲೆ ಹಗರೆ–ಬೇಲೂರು ನಡುವೆ ಸರಾಸರಿ ವೇಗದ ಕ್ಯಾಮೆರಾ, ಅದು ಆಗುವವರೆಗೆ ಡೈರಿ ಹೊತ್ತಿಗೆ ವಾರಕ್ಕೆ ಎರಡು ದಿನವಾದರೂ ಲೇಸರ್ ಗನ್ ಇರುವ ಪೊಲೀಸರು. ಬಸ್ ಟೈಮಿಂಗ್ ಸಾಲೂ ಇದೆ ಡ್ರೈವರ್ ಅಣ್ಣಾ. ಮೇಷ್ಟ್ರ ಪಟ್ಟಿ, ಸೆಕ್ರೆಟರಿಯವರ ಪಟ್ಟಿ ಜೊತೆಗಿರುತ್ತದೆ.

ಮುಂದಿನ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಡಿಸಿ ಆಫೀಸ್ ಗೇಟ್ ಹತ್ತಿರ ಸೇರೋಣ. ಈ ರಸ್ತೆಯ ಬೇರೆ ಊರಿನವರೂ ಬನ್ನಿ, ನಿಮ್ಮ ಊರಿನಲ್ಲಿ ರಾಜಿಯಾದ ಅಪಘಾತಗಳ ದಿನಾಂಕ ಬರೆದುಕೊಂಡು ಬನ್ನಿ. ಚಿಕ್ಕಪ್ಪನೂ ಬರುತ್ತೇನೆ ಅಂತಿದ್ದಾರೆ. ಕ್ಯಾನು ತರುತ್ತಾರಂತೆ.